ಒಂದೇ ದಿನ ಎಲ್ಲ ಗಿಡಕ್ಕೂ ಕತ್ತರಿ ಬೇಡ: ಮಳೆಗಾಲದ ಕೊನೆಗೆ ಹೂ ಬಿಡುವ ಗಿಡಗಳನ್ನು ಸವರುವುದು ಯಾವಾಗ, ಹೇಗೆ?

ಪ್ರಶ್ನೆ: ನಮ್ಮ ಮನೆ ಮೈಸೂರಿನಲ್ಲಿ. ಅಂಗಳದಲ್ಲಿ ಎರಡು ಕೆಂಪು ದಾಸವಾಳ, ಒಂದು ಪಾರಿಜಾತ, ನಾಲ್ಕು ದುಂಡುಮಲ್ಲಿಗೆ, ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ ಇವೆ. ಕಳೆದ ಆಗಸ್ಟ್ ಮೊದಲ ವಾರ ಮಾಲಿಯನ್ನು ಕರೆಸಿ ಎಲ್ಲವನ್ನೂ ಒಂದೇ ದಿನ ಬೇಲಿ ಕತ್ತರಿಯಲ್ಲಿ ದುಂಡಗೆ ಸಮ ಮಾಡಿಸಿದೆವು. ಗಣೇಶನ ಹಬ್ಬಕ್ಕೆ ಒಂದು ದಾಸವಾಳವೂ ಸಿಗಲಿಲ್ಲ. ಪಾರಿಜಾತ ಆ ವರ್ಷ ಹೂವನ್ನೇ ಬಿಡಲಿಲ್ಲ. ಕಾಗದದ ಹೂ ಮಾತ್ರ ಈಗ ಜನವರಿಯಲ್ಲಿ ಗೇಟು ಮುಚ್ಚುವಷ್ಟು ಬಿಟ್ಟಿದೆ. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳು ಹತ್ತಿದೆ, ಬಂದ ಮೊಗ್ಗೂ ಉದುರುತ್ತಿದೆ. ಈ ಗಿಡಗಳನ್ನು ಯಾವಾಗ, ಹೇಗೆ ಸವರಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅದೇ ಮಾಲಿ, ಅದೇ ಕತ್ತರಿ, ಅದೇ ದಿನ. ಆದರೂ ಒಂದು ಗಿಡ ತುಂಬಿ ಹೂ ಬಿಟ್ಟಿತು, ಒಂದು ಹಬ್ಬ ತಪ್ಪಿಸಿತು, ಇನ್ನೊಂದು ವರ್ಷವನ್ನೇ ಕಳೆದುಕೊಂಡಿತು. ಹೂ ಕೂರುವುದು ಹೊಸ ಚಿಗುರಿನಲ್ಲೋ ಹಳೆಯ ಟೊಂಗೆಯಲ್ಲೋ, ತುದಿಯಲ್ಲೋ ಎಲೆಯ ಕಂಕುಳಲ್ಲೋ, ಚಿಗುರಿಗೂ ಹೂವಿಗೂ ನಡುವೆ ಎಷ್ಟು ವಾರ ಬೇಕು ಎಂಬುದು ಗಿಡದಿಂದ ಗಿಡಕ್ಕೆ ಬೇರೆ. ಅದನ್ನು ನೋಡಿಕೊಂಡು ಹೂವಿನ ಕಾಲದಿಂದ ಹಿಂದಕ್ಕೆ ಎಣಿಸಿದರೆ ಕತ್ತರಿಯ ದಿನ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ನಾಲ್ಕೂ ಗಿಡಗಳು ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಸವರಿದ್ದು ತಪ್ಪಲ್ಲ, ಕಾಗದದ ಹೂವೊಂದನ್ನು ಬಿಟ್ಟು ಉಳಿದವಕ್ಕೆ ಸವರಿದ ಕಾಲ ತಪ್ಪು. ರೆಂಬೆಯ ತುದಿಮೊಗ್ಗು ಇರುವವರೆಗೆ ಅದು ಕೆಳಗಿನ ಮೊಗ್ಗುಗಳು ಏಳದಂತೆ ಅದುಮಿ ಹಿಡಿಯುತ್ತದೆ. ತುದಿ ಹೋದರೆ ಕೆಳಗಿನ ಎರಡು ಮೂರು ಗೆಣ್ಣುಗಳಿಂದ ಒಟ್ಟಿಗೆ ಚಿಗುರು ಏಳುತ್ತದೆ, ಹೂ ಬಿಡುವ ತುದಿಗಳ ಸಂಖ್ಯೆ ಹೆಚ್ಚುತ್ತದೆ. ಆದರೆ ಆ ಚಿಗುರು ಬಲಿಯಲು ಬಿಸಿಲು, ಬೆಚ್ಚಗಿನ ಹವೆ, ನೀರು ಮೂರೂ ಬೇಕು. ಮೈಸೂರು, ಮಂಡ್ಯ, ಬೆಂಗಳೂರಿನ ಕಡೆ ಭರಣಿ, ಕೃತ್ತಿಕೆ ಮಳೆ ಬೀಳುವ ಮೇ ತಿಂಗಳಿಂದಲೇ ಬೆಳವಣಿಗೆ ಶುರುವಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೊಮ್ಮೆ ದೊಡ್ಡ ಮಳೆ ಬರುತ್ತದೆ, ನವೆಂಬರಿನಿಂದ ಚಳಿ ಹಿಡಿದು ಬೆಳವಣಿಗೆ ನಿಧಾನವಾಗುತ್ತದೆ.

ಪಾರಿಜಾತದಿಂದ ಶುರುಮಾಡೋಣ, ಹೆಚ್ಚು ನಷ್ಟವಾದದ್ದು ಅದಕ್ಕೆ. ಇದು ಆಗಸ್ಟಿನಿಂದ ನವೆಂಬರ್‌ವರೆಗೆ ಹೂ ಬಿಡುವ ಗಿಡ. ಬೇಸಿಗೆಯ ಕೊನೆಗೆ ಎದ್ದ ಚಿಗುರು ಜೂನ್, ಜುಲೈನಲ್ಲಿ ಉದ್ದವಾಗಿ, ಅದರ ತುದಿಯಲ್ಲಿ ಮತ್ತು ತುದಿಗೆ ಹತ್ತಿರದ ಎಲೆಕಂಕುಳಲ್ಲಿ ಮೊಗ್ಗಿನ ಗೊಂಚಲು ಕಟ್ಟುತ್ತದೆ. ಆಗಸ್ಟ್ ಮೊದಲ ವಾರ ಗಿಡವನ್ನು ದುಂಡಗೆ ಮಾಡಿದರೆ ಹೋಗುವುದು ಆ ತುದಿಗಳೇ. ಆಮೇಲೆ ಬಂದ ಚಿಗುರು ಮೊಗ್ಗು ಕಟ್ಟುವಷ್ಟು ಬಲಿಯುವುದರೊಳಗೆ ಚಳಿ ಬಂತು. ಗಿಡಕ್ಕೆ ರೋಗವಿಲ್ಲ, ಗೊಬ್ಬರದ ಕೊರತೆಯೂ ಇಲ್ಲ. ಈ ವರ್ಷ ಹೂ ಬಿಟ್ಟೇ ಬಿಡುತ್ತದೆ.

ಪಾರಿಜಾತವನ್ನು ಸವರುವ ಸರಿಯಾದ ಕಾಲ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಹೂ ಬಿಟ್ಟ ವರ್ಷ ಆ ಹೊತ್ತಿಗೆ ಚಪ್ಪಟೆ ಬಿಲ್ಲೆಯಂಥ ಬೀಜದ ಕಾಯಿಗಳು ಒಣಗಿರುತ್ತವೆ, ಎಲೆ ಉದುರಿ ಗಿಡದ ಒಳಮೈ ಚೆನ್ನಾಗಿ ಕಾಣುತ್ತದೆ. ಮೊದಲು ಒಣಗಿದ ಟೊಂಗೆಗಳನ್ನು ತೆಗೆಯಿರಿ. ಅನುಮಾನವಿದ್ದರೆ ಉಗುರಿನಿಂದ ತೊಗಟೆ ಕೆರೆಯಿರಿ: ಹಸಿರು ಕಂಡರೆ ಜೀವವಿದೆ, ಕಂದು ಬಣ್ಣ ಕಂಡರೆ ಹಸಿರು ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತಾ ಬನ್ನಿ. ಆಮೇಲೆ ಬುಡದಿಂದ ನೆಟ್ಟಗೆ ಏಳುವ ಕಡ್ಡಿಗಳು, ಒಂದಕ್ಕೊಂದು ಉಜ್ಜುವ ರೆಂಬೆಗಳು, ಗಿಡದ ಮಧ್ಯಕ್ಕೆ ತಿರುಗಿದವು. ಕೊನೆಗೆ ಉಳಿದ ರೆಂಬೆಗಳ ಉದ್ದದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ. ಎತ್ತರ ಎಂಟರಿಂದ ಹತ್ತು ಅಡಿಯಲ್ಲಿ ನಿಲ್ಲಲಿ. ಮುಸ್ಸಂಜೆಗೆ ಅರಳಿ ಬೆಳಗಿನ ಜಾವ ಉದುರುವ ಹೂ ಇದು. ನಡುಭಾಗ ತೆರೆದಿದ್ದರೆ ಒಳಗೆ ಬೆಳಕು ಬಿದ್ದು ಅಲ್ಲೂ ಮೊಗ್ಗು ಕಟ್ಟುತ್ತದೆ, ಉದುರಿದ ಹೂ ರೆಂಬೆಯ ಸಂದಿಯಲ್ಲಿ ಸಿಕ್ಕಿಕೊಳ್ಳದೆ ನೀವು ಹಾಸಿದ ಬಟ್ಟೆಯ ಮೇಲೇ ಬೀಳುತ್ತದೆ.

ಮೇ ಕೊನೆಯಲ್ಲಿ ಚಿಗುರು ಒಂದು ಅಡಿ ಆದಾಗ ಅದರ ಕುಡಿಯನ್ನು ಬೆರಳಿನಿಂದ ಚಿವುಟಿದರೆ ಒಂದು ತುದಿಯಿದ್ದಲ್ಲಿ ಎರಡು ಆಗುತ್ತವೆ. ಮೃಗಶಿರಾ ಮಳೆ ಶುರುವಾದ ಮೇಲೆ, ಅಂದರೆ ಜೂನ್ ಎರಡನೇ ವಾರದ ನಂತರ, ಹೂ ಮುಗಿಯುವವರೆಗೂ ಪಾರಿಜಾತದ ತುದಿ ಮುಟ್ಟಬೇಡಿ. ದಾರಿಗೆ ಅಡ್ಡ ಬಂತೆಂದರೆ ಆ ಒಂದು ರೆಂಬೆಯನ್ನು ಮಾತ್ರ ಅದು ಹುಟ್ಟಿದ ಕವಲಿನಲ್ಲಿ ಪೂರ್ತಿ ತೆಗೆಯಿರಿ, ಉಳಿದ ತುದಿಗಳು ಹಾಗೇ ಇರಲಿ.

ದಾಸವಾಳದ ಲೆಕ್ಕ ಬೇರೆ. ಇದಕ್ಕೆ ಋತುವಿನ ಕಟ್ಟು ಕಡಿಮೆ. ಚಿಗುರು ಬೆಳೆಯುತ್ತಾ ಹೋದಂತೆ ಎಲೆಯ ಕಂಕುಳಲ್ಲಿ ಒಂದೊಂದೇ ಮೊಗ್ಗು ಬರುತ್ತಾ ಹೋಗುತ್ತದೆ. ಬೆಳವಣಿಗೆ ಇರುವಷ್ಟು ದಿನ ಹೂ ಇದೆ. ಆದರೆ ಯಾವಾಗ ಕತ್ತರಿಸಿದರೂ ಮತ್ತೆ ಹೂ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಆಗಸ್ಟ್ ಮೊದಲ ವಾರ ಕತ್ತರಿಸಿದರೆ ಹೂ ಬರುವುದು ಅಕ್ಟೋಬರಿನಲ್ಲಿ. ಗಣೇಶ ಚೌತಿ ಬೀಳುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ. ಹಬ್ಬಕ್ಕೆ ಹೂ ಬೇಕಿದ್ದರೆ ಮೇ ಎರಡನೇ ವಾರದಿಂದ ಜೂನ್ ಮೊದಲ ವಾರದೊಳಗೆ ಸವರಿ ಮುಗಿಸಬೇಕು. ಮೈಸೂರಿನಲ್ಲಿ ಆಗ ಮಳೆಯೂ ಶುರುವಾಗಿರುವುದರಿಂದ ಚಿಗುರು ಹತ್ತು ಹದಿನೈದು ದಿನದಲ್ಲಿ ಕಣ್ಣು ಬಿಡುತ್ತದೆ.

ನಿತ್ಯದ ಪೂಜೆಗೆ ಹೂ ನಿಲ್ಲಬಾರದು ಎನ್ನುವವರಿಗೆ ಕಂತಿನಲ್ಲಿ ಸವರುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ. ಗಿಡದ ಮುಖ್ಯ ರೆಂಬೆಗಳನ್ನು ಮೂರು ಪಾಲು ಮಾಡಿಕೊಳ್ಳಿ. ಮೊದಲ ಪಾಲನ್ನು ಮಾರ್ಚ್ ಮಧ್ಯದಲ್ಲಿ, ಎರಡನೆಯದನ್ನು ಏಪ್ರಿಲ್ ಮಧ್ಯದಲ್ಲಿ, ಮೂರನೆಯದನ್ನು ಮೇ ಮಧ್ಯದಲ್ಲಿ ಕತ್ತರಿಸಿ. ಒಂದೊಂದು ಸಲವೂ ಉದ್ದವಾಗಿರುವ, ಬುಡದಲ್ಲಿ ಬೋಳಾಗಿರುವ ರೆಂಬೆಗಳನ್ನೇ ಆರಿಸಿ, ಅವುಗಳ ಉದ್ದದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಸಿ. ಉಳಿದ ಎರಡು ಪಾಲು ಹೂ ಬಿಡುತ್ತಲೇ ಇರುತ್ತದೆ. ಗಿಡ ಪೂರ್ತಿ ಬೋಳಾಗದೇ ಇರುವುದರಿಂದ ಬೇರಿಗೂ ಆಹಾರ ತಪ್ಪುವುದಿಲ್ಲ. ಏಪ್ರಿಲ್ ಬಿಸಿಲಿಗೆ ತೆರೆದುಕೊಂಡ ದಪ್ಪ ಕಾಂಡದ ತೊಗಟೆ ಸುಟ್ಟು ಬಿರಿಯುವುದುಂಟು, ಪಡುವಣ ಬಿಸಿಲು ಬೀಳುವ ಕಡೆಗೆ ತಿಳಿಸುಣ್ಣ ಬಳಿದರೆ ಸಾಕು.

ಈಗ ಹಿಟ್ಟುತಿಗಣೆ, ಅಂದರೆ ನೀವು ಹೇಳಿದ ಬಿಳಿ ಹಿಟ್ಟಿನಂಥ ಹುಳು. ಬೇಲಿ ಕತ್ತರಿಯಲ್ಲಿ ದುಂಡಗೆ ಮಾಡಿದ ದಾಸವಾಳಕ್ಕೆ ಇದು ಬರುವುದು ಆಕಸ್ಮಿಕವಲ್ಲ. ಹೊರಮೈಯ ಪ್ರತಿ ತುದಿಯೂ ತುಂಡಾದಾಗ ಹೊರಗಡೆ ಮಾತ್ರ ಎಳೆಚಿಗುರು ಒತ್ತಾಗಿ ತುಂಬಿಕೊಂಡು, ಒಳಗೆ ಗಾಳಿ ಬೆಳಕು ಆಡದ ಕತ್ತಲು ಆಗುತ್ತದೆ. ತಿಗಣೆಗೆ ಎಳೆರಸವೂ ಸಿಕ್ಕಿತು, ಅಡಗುತಾಣವೂ ಸಿಕ್ಕಿತು. ತಿಗಣೆ ಸ್ರವಿಸುವ ಸಿಹಿರಸಕ್ಕಾಗಿ ಇರುವೆಗಳು ಅದನ್ನು ಕಾವಲು ಕಾಯುತ್ತವೆ, ರೆಂಬೆಯಿಂದ ರೆಂಬೆಗೆ ಸಾಗಿಸುತ್ತವೆ. ದಾಸವಾಳದ ದೊಡ್ಡ ಸವರಿಕೆಗೆ ಈಗ ಕಾಲವಲ್ಲ, ಆದರೆ ಹಿಟ್ಟು ಮುತ್ತಿ ಮುರುಟಿದ ತುದಿಗಳನ್ನು ಇವತ್ತೇ ಆರೇಳು ಅಂಗುಲ ಕೆಳಗಿನಿಂದ ಕತ್ತರಿಸಿ, ನೆಲಕ್ಕೆ ಬೀಳಿಸದೆ ನೇರವಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎರಡು ದಿನ ಬಿಸಿಲಲ್ಲಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿದ ಗಿಡವನ್ನು ಪೈಪಿನ ಜೋರು ನೀರಿನಿಂದ ಎಲೆಯ ಅಡಿಗೆ ಬೀಳುವಂತೆ ತೊಳೆಯಿರಿ. ಮರುದಿನ ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಬೆರೆಯಲು 1 ರಿಂದ 2 ಮಿಲಿ ದ್ರವ ಸೋಪು ಸೇರಿಸಿ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಬಲವಾದ ರಾಸಾಯನಿಕಕ್ಕೆ ಮೊದಲೇ ಕೈಹಾಕಬೇಡಿ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. 2008ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಕಾಲಿಟ್ಟ ಪಪ್ಪಾಯಿ ಹಿಟ್ಟುತಿಗಣೆ ದಾಸವಾಳದ ಮೇಲೂ ಬೀಳುತ್ತದೆ. ಅದನ್ನು ಹತೋಟಿಗೆ ತಂದದ್ದು ಔಷಧಿಯಲ್ಲ. 2010ರಲ್ಲಿ ಬೆಂಗಳೂರಿನ ಕೀಟ ಸಂಸ್ಥೆ, ಈಗಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಹೊರದೇಶದಿಂದ ತರಿಸಿ ಬಿಡುಗಡೆ ಮಾಡಿದ ಸಣ್ಣ ಪರಾವಲಂಬಿ ಕಣಜಗಳು. ಕೀಟನಾಶಕ ಹೊಡೆದರೆ ಇಂಥ ಕಣಜ, ಗುಲಗಂಜಿ ಹುಳುಗಳೇ ಮೊದಲು ಸಾಯುತ್ತವೆ, ಮೇಣ ಹೊದ್ದ ತಿಗಣೆ ಉಳಿಯುತ್ತದೆ.

ಮೊಗ್ಗು ಉದುರುವುದಕ್ಕೆ ತಿಗಣೆ ಒಂದೇ ಕಾರಣವಾಗಿರಬೇಕಿಲ್ಲ. ಉದುರಿದ ಮೊಗ್ಗನ್ನು ಬಿಡಿಸಿ ನೋಡಿ. ಒಳಗೆ ಸಣ್ಣ ಬಿಳಿ ಹುಳು ಹರಿದಾಡುತ್ತಿದ್ದರೆ ಅಥವಾ ಎಸಳು ಕಂದಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ ಕಂಡರೆ, ಬಿದ್ದ ಮೊಗ್ಗುಗಳನ್ನು ದಿನವೂ ಆರಿಸಿ ನಾಶ ಮಾಡಿ. ಏನೂ ಕಾಣದಿದ್ದರೆ ನೀರಿನ ಏರುಪೇರು ಅಥವಾ ಸಾರಜನಕದ ಅತಿ ಎಂದು ತಿಳಿಯಿರಿ. ನಾಲ್ಕು ದಿನ ಒಣಗಿಸಿ ಐದನೇ ದಿನ ಕೊಡಗಟ್ಟಲೆ ಸುರಿಯುವುದು ಮೊಗ್ಗಿಗೆ ಆಗದು. ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರದ ಕಾಳು ಹಾಕುವ ರೂಢಿ ಇದ್ದರೆ ದಾಸವಾಳಕ್ಕೆ ಬಿಟ್ಟುಬಿಡಿ. ರಂಜಕ ಹೆಚ್ಚಾದರೆ ಬೇರು ಕಬ್ಬಿಣದ ಅಂಶ ಹೀರಲಾರದೆ ಎಳೆಯ ಎಲೆ ಹಳದಿಯಾಗುತ್ತದೆ.

ದುಂಡುಮಲ್ಲಿಗೆಗೆ ನಿಮ್ಮ ಆಗಸ್ಟ್ ಕತ್ತರಿ ದೊಡ್ಡ ಹಾನಿ ಮಾಡಿಲ್ಲ, ಹೂವಿನ ಭರಾಟೆ ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಆದರೆ ಅದರ ನಿಜವಾದ ಸವರಿಕೆ ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಆಗಬೇಕಿತ್ತು. ಜನವರಿ ಮಧ್ಯದೊಳಗೆ ಮುಗಿಸಿದರೂ ಅಡ್ಡಿಯಿಲ್ಲ, ಮೊದಲ ಹೂ ಮೂರ್ನಾಲ್ಕು ವಾರ ತಡವಾಗಬಹುದು ಅಷ್ಟೆ. ಸವರುವ ಹತ್ತು ದಿನ ಮೊದಲು ನೀರು ನಿಲ್ಲಿಸಿ. ಆಮೇಲೆ ನೆಲದಿಂದ 45 ರಿಂದ 50 ಸೆಂಟಿಮೀಟರ್, ಅಂದರೆ ಮೊಣಕಾಲೆತ್ತರಕ್ಕೆ ಇಡೀ ಪೊದೆಯನ್ನು ಇಳಿಸಿ, ಪೆನ್ಸಿಲಿಗಿಂತ ತೆಳುವಾದ ನರಪೇತಲ ಕಡ್ಡಿಗಳನ್ನು ಬುಡದಲ್ಲೇ ತೆಗೆದು, ಉಳಿದ ಎಲೆಗಳನ್ನೂ ಕೈಯಿಂದ ಉದುರಿಸಿ. ಇಷ್ಟು ಬೋಳು ಮಾಡಲು ಮನಸ್ಸು ಬಾರದು, ಆದರೆ ಮಲ್ಲಿಗೆ ಇದನ್ನು ಬೇಡುವ ಗಿಡ. ಅರ್ಧಂಬರ್ಧ ಸವರಿದರೆ ಮಾರ್ಚಿನಲ್ಲಿ ಎಲೆ ಹೆಚ್ಚು, ಮೊಗ್ಗು ಕಡಿಮೆ.

ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಂತೆ ನೆಲದಲ್ಲಿ ಬೆಳೆದು ನಿಂತ ಮಲ್ಲಿಗೆ ಗಿಡಕ್ಕೆ ವರ್ಷಕ್ಕೆ 10 ಕಿಲೊ ಕೊಟ್ಟಿಗೆ ಗೊಬ್ಬರ, 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಬೇಕು. ರಾಸಾಯನಿಕ ಗೊಬ್ಬರವನ್ನು ಸವರಿದ ಮೇಲೆ ಅರ್ಧ, ಜೂನ್ ಜುಲೈನಲ್ಲಿ ಅರ್ಧ ಕೊಡುತ್ತಾರೆ. ಒಂದು ಕಂತಿಗೆ ಸುಮಾರು 65 ಗ್ರಾಂ ಯೂರಿಯ, 375 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್, 100 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಆಗುತ್ತದೆ. ಇದು ಮಾರಾಟಕ್ಕೆ ಬೆಳೆಯುವವರ ಲೆಕ್ಕ, ಮನೆಯಂಗಳದ ಗಿಡಕ್ಕೆ ಇದರ ಅರ್ಧ ಧಾರಾಳ. ಮುಂದೆ ಒಂದೊಂದು ಸುತ್ತು ಹೂ ಮುಗಿದಾಗಲೂ ಹೂ ಬಿಟ್ಟ ತುದಿಯನ್ನು ಎರಡು ಗೆಣ್ಣು ಕೆಳಗೆ ಕತ್ತರಿಸುತ್ತಾ ಹೋಗಿ. ಮೊಗ್ಗು ಬರುವುದು ತುದಿಯಲ್ಲಿ, ಹೂ ಆದ ತುದಿ ಮುಂದೆ ಬೆಳೆಯುವುದಿಲ್ಲ. ಅಂದಹಾಗೆ, ಬೇರೆ ಮಲ್ಲಿಗೆಗಳಿಗೆ ಇದೇ ತಿಂಗಳು ಹೊಂದುವುದಿಲ್ಲ. ಸೂಜಿಮಲ್ಲಿಗೆಯನ್ನು ಜನವರಿ ಕೊನೆಗೆ ಸವರುತ್ತಾರೆ. ನಿಮ್ಮಲ್ಲಿ ಚಳಿಗಾಲದಲ್ಲಿ ಹೂ ಬಿಡುವ ಕಾಕಡವೂ ಇದ್ದರೆ ಅದರ ಹೂ ಮುಗಿಯುವವರೆಗೆ ಕಾಯಿರಿ.

ಕಾಗದದ ಹೂವಿಗೆ ಆಗಸ್ಟ್ ಒಳ್ಳೆಯ ಕಾಲವೇ. ಆಗ ಕತ್ತರಿಸಿದ ಬಳ್ಳಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಹೊಸ ಕಡ್ಡಿ ಬೆಳೆಸಿ, ನವೆಂಬರ್ ನಂತರ ನೆಲ ಒಣಗಿದಾಗ ಆ ಕಡ್ಡಿಯಲ್ಲಿ ಹೂ ಬಿಡುತ್ತದೆ. ಇದಕ್ಕೆ ಒಣಹವೆ ಬೇಕು, ನೀರು ಗೊಬ್ಬರ ಹೆಚ್ಚಾದರೆ ಬರೀ ಉದ್ದನೆಯ ಮುಳ್ಳುಕಡ್ಡಿ. ಈಗ ಹೂವಿನಲ್ಲಿದೆ, ಮುಟ್ಟಬೇಡಿ.

ಕತ್ತರಿಸುವ ಕೈಚಳಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾಲ ಸರಿಯಿದ್ದೂ ಗಿಡ ಹಾಳಾಗುವುದು ಇಲ್ಲಿ. ಬೇಲಿ ಕತ್ತರಿಯನ್ನು ಬೇಲಿಗೇ ಬಿಡಿ. ಹೂವಿನ ಗಿಡಕ್ಕೆ ಒಂದರ ಪಕ್ಕ ಒಂದು ಜಾರುವ ಎರಡು ಬಾಗು ಅಲಗಿನ ಸಿಕೇಚರ್, ಅಂದರೆ ಕೈಗತ್ತರಿ, ಬೇಕು. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವ ಬಗೆ ಹಸಿ ಕಡ್ಡಿಯನ್ನು ಜಜ್ಜುತ್ತದೆ, ಜಜ್ಜಿದಲ್ಲಿಂದ ಒಣಗುತ್ತಾ ಬರುತ್ತದೆ. ಸಿಕೇಚರ್‌ಗೆ ಹೆಬ್ಬೆರಳು ಗಾತ್ರ, ಅಂದರೆ 2 ಸೆಂಟಿಮೀಟರ್, ಮಿತಿ. ಅದಕ್ಕಿಂತ ದಪ್ಪವಿದ್ದರೆ ಉದ್ದ ಹಿಡಿಯ ಲಾಪರ್ ಕತ್ತರಿ, 4 ಸೆಂಟಿಮೀಟರ್ ಮೀರಿದರೆ ಗರಗಸ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ.

ಹೊರಮುಖವಾದ ಗೆಣ್ಣು ಆರಿಸಿ, ಅದರ ಮೇಲೆ 5 ರಿಂದ 6 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಹೆಚ್ಚು ಬಿಟ್ಟರೆ ಆ ಮೋಟು ಒಣಗಿ ಕೊಳೆತ ಕೆಳಗಿಳಿಯುತ್ತದೆ, ತೀರ ಹತ್ತಿರ ಕತ್ತರಿಸಿದರೆ ಮೊಗ್ಗೇ ಒಣಗುತ್ತದೆ. ದಾಸವಾಳ, ಕಾಗದದ ಹೂವಿನಲ್ಲಿ ಎಲೆ ಒಂದಾದ ಮೇಲೊಂದು ಬರುವುದರಿಂದ ಮೊಗ್ಗಿನ ವಿರುದ್ಧ ದಿಕ್ಕಿಗೆ ನೀರು ಇಳಿಯುವಂತೆ ಓರೆಯಾಗಿ ಕತ್ತರಿಸಬೇಕು. ಪಾರಿಜಾತ, ಮಲ್ಲಿಗೆಯಲ್ಲಿ ಎಲೆ ಜೋಡಿಯಾಗಿ ಎದುರುಬದುರು ಇರುತ್ತದೆ, ಅಲ್ಲಿ ನೇರ ಕತ್ತರಿ. ಓರೆ ಮಾಡಿದರೆ ಒಂದು ಬದಿಯ ಮೊಗ್ಗು ಸಾಯುತ್ತದೆ. ಗರಗಸ ಹಿಡಿಯುವ ಟೊಂಗೆಯನ್ನು ಮೂರು ಹಂತದಲ್ಲಿ ತೆಗೆಯಿರಿ: ಬುಡದಿಂದ ಒಂದು ಅಡಿ ಆಚೆ, ಅಡಿಯಿಂದ ಮೇಲಕ್ಕೆ ಮೂರನೇ ಒಂದು ಭಾಗ ಗಾಯ, ಅದರಿಂದ ಎರಡು ಅಂಗುಲ ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ. ಆ ಉಬ್ಬಿನಿಂದಲೇ ಗಾಯ ಮುಚ್ಚುವ ತೊಗಟೆ ಬೆಳೆಯುವುದು.

ತೆಳು ಕಡ್ಡಿಯ ಗಾಯಕ್ಕೆ ಏನೂ ಹಚ್ಚಬೇಕಿಲ್ಲ, ಎರಡು ದಿನದ ಬಿಸಿಲು ಸಾಕು. ಹೆಬ್ಬೆರಳಿಗಿಂತ ದಪ್ಪದ್ದಕ್ಕೆ, ಅದರಲ್ಲೂ ಮಳೆ ಹತ್ತಿರವಿದ್ದರೆ, ಬೋರ್ಡೊ ಪೇಸ್ಟ್ ಹಚ್ಚಿ. 100 ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಎರಡನ್ನೂ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಸಿ. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಿ. ಅದೇ ದಿನ ಬಳಸಿ ಮುಗಿಸಬೇಕು. ಆಯಿಲ್ ಪೇಂಟ್ ಬಳಿಯುವುದು ಬೇಡ, ಒಳಗಿನ ತೇವ ಅಲ್ಲೇ ಸಿಕ್ಕಿ ಕೊಳೆಯುತ್ತದೆ.

ಸವರಿದ ಮೇಲೆ ನೀರಿನಲ್ಲಿ ತಪ್ಪು ಮಾಡುವವರೇ ಹೆಚ್ಚು. ಎಲೆ ಅರ್ಧಕ್ಕಿಳಿದ ಗಿಡ ಕುಡಿಯುವ ನೀರೂ ಅರ್ಧಕ್ಕಿಳಿಯುತ್ತದೆ. ಮೊದಲಿನಷ್ಟೇ ಹಾಕಿದರೆ ಬೇರು ಉಸಿರುಗಟ್ಟುತ್ತದೆ, ಕುಂಡದಲ್ಲಂತೂ ಬೇಗ. ಬೆರಳು ಒಂದೂವರೆ ಅಂಗುಲ ಊರಿ ಒಣಗಿದ್ದರೆ ಮಾತ್ರ ಹಾಕಿ. ದಾಸವಾಳ, ಪಾರಿಜಾತಕ್ಕೆ ಗೊಬ್ಬರವೂ ಅವಸರವಿಲ್ಲ. ಚಿಗುರು ಒಂದು ಅಂಗುಲ ಕಂಡ ಮೇಲೆ ಗಿಡಕ್ಕೆ ಎರಡು ಮೂರು ಕಿಲೊ ಎರೆಗೊಬ್ಬರ, 150 ಗ್ರಾಂ ಬೇವಿನ ಹಿಂಡಿ, ಬುಡದಿಂದ ಒಂದು ಅಡಿ ದೂರದಲ್ಲಿ.

ಕರಾವಳಿ, ಮಲೆನಾಡಿನವರು ಈ ತಿಂಗಳುಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಮಂಗಳೂರು, ಉಡುಪಿಯಲ್ಲಿ ಜೂನ್ ಮೊದಲ ವಾರ ದಾಸವಾಳ ಸವರಿದರೆ ಗಾಯ ಒಣಗುವ ಮೊದಲೇ ಬಿಡದ ಮಳೆ ಹಿಡಿದು ತುದಿ ಕಪ್ಪಾಗಿ ಒಣಗುತ್ತಾ ಬರುತ್ತದೆ. ಅಲ್ಲಿ ಏಪ್ರಿಲ್ ಕೊನೆಗೇ ಮುಗಿಸಿ, ಮಳೆಗೆ ಮೊದಲು ಬಲಿತ ಚಿಗುರು ಸಿಗಬೇಕು. ಕೊಡಗಿನ ತೋಟಗಳ ನೀಲಿ ಹೈಡ್ರೇಂಜಿಯಕ್ಕೆ ಇಲ್ಲಿ ಹೇಳಿದ್ದು ತಿರುಗಾಮುರುಗಾ. ಅದು ಮುಂದಿನ ವರ್ಷದ ಮೊಗ್ಗನ್ನು ಈ ವರ್ಷದ ಕಡ್ಡಿಯ ತುದಿಯಲ್ಲೇ ಕಟ್ಟಿಟ್ಟುಕೊಳ್ಳುವ ಗಿಡ. ಹೂ ಬಾಡಿದ ತಕ್ಷಣ ಹೂಗೊಂಚಲಿನ ಕೆಳಗಿನ ಮೊದಲ ದಪ್ಪ ಮೊಗ್ಗಿನ ಜೋಡಿಯ ಮೇಲೆ ಕತ್ತರಿಸಿ, ಆಮೇಲೆ ಚಳಿಗಾಲದಲ್ಲಾಗಲಿ ಬೇಸಿಗೆಯಲ್ಲಾಗಲಿ ಮುಟ್ಟಬೇಡಿ. ಮಳೆಗಾಲದಲ್ಲಿ ಹೂ ಬಿಡುವ ರತ್ನಗಂಧಿ, ಮುಸ್ಸಂದ, ಕ್ರೇಪ್ ಮರ್ಟಲ್‌ಗಳನ್ನು ಮಾತ್ರ ಪಾರಿಜಾತದ ಜೊತೆಯಲ್ಲೇ ಫೆಬ್ರವರಿಯಲ್ಲಿ ಅರ್ಧಕ್ಕಿಳಿಸಬಹುದು, ಹೊಸ ಕಡ್ಡಿಯಲ್ಲಿ ಚೆನ್ನಾಗಿ ಹೂ ಬರುತ್ತದೆ.

ನಿಮ್ಮ ಗಿಡಗಳಲ್ಲಿ ಜನವರಿ ಮಧ್ಯದೊಳಗೆ ಮಲ್ಲಿಗೆ, ತಿಂಗಳ ಕೊನೆಗೆ ಪಾರಿಜಾತ, ಮಾರ್ಚಿನಿಂದ ಕಂತಿನಲ್ಲಿ ದಾಸವಾಳ. ದಾಸವಾಳ ಈಗಾಗಲೇ ದುಂಡಗೆ ಮುಚ್ಚಿಕೊಂಡಿರುವುದರಿಂದ ಮಾರ್ಚಿನ ಮೊದಲ ಕಂತಿನಲ್ಲಿ ತುದಿ ಸವರುವ ಬದಲು ಒಳಗಿನ ಎರಡು ಮೂರು ಹಳೆಯ ಕಾಂಡಗಳನ್ನು ನೆಲದಿಂದ ಒಂದು ಅಡಿಗೆ ಇಳಿಸಿ ಗಾಳಿ ಆಡಲು ದಾರಿ ಮಾಡಿ. ಮೇ ಕಂತಿನಲ್ಲಿ ಸಿಗುವ ಪೆನ್ಸಿಲ್ ದಪ್ಪದ, ತಿಗಣೆ ಹತ್ತದ ಕಡ್ಡಿಗಳನ್ನು ಎಸೆಯಬೇಡಿ. ಆರರಿಂದ ಎಂಟು ಅಂಗುಲ ಉದ್ದಕ್ಕೆ, ಅಡಿಯಲ್ಲಿ ಗೆಣ್ಣಿನ ಕೆಳಗೆ ಕತ್ತರಿಸಿ, ಮೇಲಿನ ಎರಡು ಎಲೆ ಉಳಿಸಿ ಅವನ್ನೂ ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ಎರೆಗೊಬ್ಬರ ಸಮವಾಗಿ ಬೆರೆಸಿದ ಕುಂಡದಲ್ಲಿ ಎರಡು ಗೆಣ್ಣು ಮುಳುಗುವಂತೆ ನೆಟ್ಟು ನೆರಳಿನಲ್ಲಿಡಿ. ಐದಾರು ವಾರದಲ್ಲಿ ಬೇರು ಬಿಡುತ್ತದೆ.